ಕಾಲು ಮುಂದಾಗಿ ಹುಟ್ಟಿದವನು

ಹಂಗಳದ ರಂಗರಾಜು ಕಾಲು ಮುಂದಾಗಿ ಹುಟ್ಟಿದವನು. ಅದರಲ್ಲಿ ಅವನ ಹೆಚ್ಚುಗಾರಿಕೆ ಏನೂ ಇಲ್ಲ, ಹೆತ್ತವಳು ಸಾಯದೆ ಉಳಿದದ್ದೇ ದೊಡ್ಡದು. ಆದರೆ ಆ ಹೆತ್ತವಳು, ಚಿಕ್ಕನಿಂಗಮ್ಮ, ನಲವತ್ತು ವರ್ಷದಿಂದ ಅದನ್ನೇ ಊರಿಗೆಲ್ಲ ಸಾರಿಕೊಂಡು ಬಂದಿದ್ದಳು. ಹಾಗೆ ಹುಟ್ಟಿದವರು ತುಳಿದರೆ ಉಳುಕು ಬಿಡುತ್ತದೆ ಅನ್ನುವುದು ಆ ಕಡೆಯ ನಂಬಿಕೆ. ಸೊಂಟ ಹಿಡಿದವರು, ಬದುವಿನಲ್ಲಿ ಕಾಲು ಹೊರಳಿಸಿಕೊಂಡವರು ಬಿಸಿಲೇರುವ ಮೊದಲೇ ಬಂದು ಜಗಲಿಯ ಮೇಲೆ ಮಲಗುವರು. ರಂಗರಾಜು ಹಿಮ್ಮಡಿಗೆ ಹರಳೆಣ್ಣೆ ಸವರಿಕೊಂಡು ಮೂರು ಸಲ ಎಳೆದು ತುಳಿಯುವನು. ತುಳಿಸಿಕೊಂಡವರು ಎದ್ದು ಮಾತಾಡದೆ, ಹಿಂದಿರುಗಿ ನೋಡದೆ ಹೋಗಬೇಕು. ನೋಡಿದರೆ ಬಿಟ್ಟ ಉಳುಕು ಬೆನ್ನು ಹತ್ತಿ ಬರುತ್ತದಂತೆ. ಕಾಸು ಮುಟ್ಟುವ ಹಾಗಿಲ್ಲ.

"ಕಾಸ್ ಮುಟ್ಟೋ ಅಂಗಿದ್ದಿದ್ರೆ ಇಷ್ಟೊತ್ಗೆ ನಾನು ತಾರಸಿ ಮನೇಲಿರ್ತಿದ್ದೆ," ಅನ್ನುವಳು ಚಿಕ್ಕನಿಂಗಮ್ಮ, ಹೆಂಚಿನ ಸಂದಿಯ ಕಡೆ ನೋಡುತ್ತ.

ಹೊಟ್ಟೆಪಾಡಿಗೆ ರಂಗರಾಜು ಬಂಡೀಪುರದ ರಸ್ತೆಯ ಒಂದು ಲಾಡ್ಜಿನಲ್ಲಿ ಜೀಪು ಓಡಿಸುತ್ತಿದ್ದ. ಆನೆ, ಹುಲಿ, ಕಾಟಿ, ಊಟದ ಹೊತ್ತು, ಬಸ್ಸಿನ ಹೊತ್ತು, ಇಷ್ಟಕ್ಕೆ ಸಾಲುವಷ್ಟು ಇಂಗ್ಲಿಷು ಅವನಿಗೆ ಬರುತ್ತಿತ್ತು. ಕೇಳಿ ತಿಳಿದುಕೊಳ್ಳುವುದು ಇನ್ನೂ ಹೆಚ್ಚು ಬರುತ್ತಿತ್ತು. ಅದೇ ತೊಂದರೆಯಾದದ್ದು.

ತೊಂಬತ್ತೆಂಟರ ಜನವರಿಯಲ್ಲಿ ಗೆರ್ಡಾ ಅನ್ನುವ ಜರ್ಮನಿಯ ಹೆಂಗಸು ಆ ಲಾಡ್ಜಿಗೆ ಬಂದಳು. ನಲವತ್ತರ ಆಸುಪಾಸು, ಎತ್ತರದ ಆಳು, ಮೆಟ್ಟಿಲಿಳಿಯುವಾಗ ಮಾತ್ರ ಅಡ್ಡಡ್ಡ ತಿರುಗಿ ಒಂದೊಂದೇ ಕಾಲು ಇಡುವಳು. ಶನಿವಾರ ಮಧ್ಯಾಹ್ನ ಅವಳನ್ನು ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆದುಕೊಂಡು ಹೋಗುವಾಗ ರಂಗರಾಜುವಿನ ಮಗಳು ಶಿವರಂಜಿನಿಯೂ ಜೀಪು ಹತ್ತಿದಳು. ಆಗ ಎಸ್ಸೆಸ್ಸೆಲ್ಸಿ. ಶನಿವಾರ ಅಪ್ಪನ ಜೀಪಿನಲ್ಲಿ ಬೆಟ್ಟ ಹತ್ತಿ ದೇವರಿಗೆ ಕೈ ಮುಗಿಯುವುದು, ಬರುವಾಗ ಜೀಪಿನ ಮುಂದೆ ಓಡಿಕೊಂಡೇ ಇಳಿಯುವುದು ಅವಳಿಗೆ ಹತ್ತನೇ ವಯಸ್ಸಿನಿಂದಲೂ ರೂಢಿ. ಆನೆ ತಿರುಗುವ ಜಾಗ ನೋಡಿ. ಅಪ್ಪ ತಿರುವಿಗೊಂದು ಹಾರನ್ ಹೊಡೆಯುತ್ತ ಹಿಂದೆ ಬರುವನು.

ಅವತ್ತು ಗೆರ್ಡಾ ಜೀಪಿನಲ್ಲಿ ಎದ್ದು ನಿಂತು, ಕಂಬಿ ಹಿಡಿದುಕೊಂಡು, ಮುಂದೆ ಓಡುವ ಹುಡುಗಿಯನ್ನು ಬೆಟ್ಟ ಮುಗಿಯುವವರೆಗೂ ಕೂಗಿ ಹುರಿದುಂಬಿಸಿದಳು. ಕೆಳಗೆ ಬಂದು ಹುಡುಗಿಯ ಎರಡೂ ಭುಜ ಹಿಡಿದು ಅಲ್ಲಾಡಿಸಿದಳು. ಆಮೇಲೆ ಚೀಲದಿಂದ ಒಂದು ಫೋಟೋ ತೆಗೆದಳು. ಹಿಮದ ಇಳಿಜಾರಿನಲ್ಲಿ ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು, ನೆಲಕ್ಕೆ ತಾಗುವಷ್ಟು ವಾಲಿಕೊಂಡು ಬರುತ್ತಿರುವ ಹೆಣ್ಣು. ಅದು ಅವಳೇ. ಸ್ಕೀ ಅನ್ನುವ ಆಟ. ಗೆರ್ಡಾ ಹೇಳುತ್ತ ಹೋದಳು, ರಂಗರಾಜು ಮಗಳಿಗೆ ಕನ್ನಡ ಮಾಡುತ್ತ ಹೋದ. ಹದಿನೇಳಕ್ಕೆ ದೇಶದ ತಂಡ. ಇಪ್ಪತ್ತಕ್ಕೆ ಇಡೀ ಜರ್ಮನಿಗೆ ಚಾಂಪಿಯನ್. ಇಪ್ಪತ್ತೆರಡಕ್ಕೆ ಬಿದ್ದಳು. ಇಪ್ಪತ್ತನಾಲ್ಕಕ್ಕೆ ಎದ್ದು ಬಂದು ಮತ್ತೆ ಚಾಂಪಿಯನ್. ಇಪ್ಪತ್ತಾರಕ್ಕೆ ಆಟ ಬಿಟ್ಟಳು.

ಅಷ್ಟು ಹೇಳಿ ಗೆರ್ಡಾ ಪ್ಯಾಂಟು ಮಡಚಿ ಮಂಡಿ ತೋರಿಸಿದಳು. ಎರಡು ಉದ್ದನೆಯ ಕೊಯ್ದ ಗುರುತು. "ಇವಳಿಗೆ ಹೇಳು," ಅಂದಳು. "ಇಳಿಜಾರಲ್ಲಿ ಓಡುವವರ ಕಾಲಿಗೆ ಇದು ಆಗುತ್ತದೆ. ಮಂಡಿಯೊಳಗೆ ಟಕ್ ಅಂದು ಕೂಡಲೇ ಊದಿಕೊಂಡರೆ ಅದು ಉಳುಕಲ್ಲ. ಯಾರಿಂದಲೂ ತಿಕ್ಕಿಸಬಾರದು, ಎಳೆಸಬಾರದು. ಊತ ಇಳಿದರೆ ವಾಸಿಯಾಯಿತು ಅಂದುಕೊಳ್ಳಬಾರದು. ಮೊದಲ ಸಲ ನಾನು ಕೊಯ್ಯಿಸಿಕೊಂಡು ಎರಡು ವರ್ಷ ಕಾದೆ, ಗೆದ್ದೆ. ಎರಡನೇ ಸಲ ಊತ ಇಳಿಯಿತು ಅಂತ ನಂಬಿ ಹಿಮಕ್ಕಿಳಿದೆ. ಅಲ್ಲಿಗೆ ಮುಗಿಯಿತು." ಕೈಸನ್ನೆ ಮಾಡಿ, ಎರಡೆರಡು ಸಲ ಬಿಡಿಸಿ ಹೇಳಿದಳು. ರಂಗರಾಜುವಿಗೆ ಒಂದಕ್ಷರವೂ ತಪ್ಪದೆ ಅರ್ಥವಾಯಿತು.

"ಏನಂದ್ರಪ್ಪಾ?" ಮಗಳು ಕೇಳಿದಳು.

ಶನಿವಾರದ ಹೊತ್ತು. ದೇವರ ಬೆಟ್ಟದ ಬುಡ. ಹುಡುಗಿಯ ಜಡೆಯಲ್ಲಿ ಇನ್ನೂ ದೇವರ ತುಳಸಿ. ಅಂಥ ಜಾಗದಲ್ಲಿ ನಿಂತು ಹೆತ್ತ ಮಗಳ ಕಾಲು ಮುರಿಯುವ ಮಾತನ್ನು ಯಾರಾದರೂ ಬಾಯಲ್ಲಿ ಆಡುತ್ತಾರೆಯೇ? ಅಸ್ತು ದೇವತೆಗಳು ಸುತ್ತ ಓಡಾಡುತ್ತಿರುತ್ತವೆ, ಅಸ್ತು ಅಂದುಬಿಟ್ಟರೆ ಏನು ಗತಿ!

"ನೀನೂ ನನ್ನಂಗೆ ಚಾಂಪಿಯನ್ ಆಯ್ತೀಯ ಅಂತವ್ರೆ ಕಣವ್ವ," ಅಂದ ರಂಗರಾಜು. "ಕಾಲು ಜೋಪಾನ ಅಂತವ್ರೆ."

"ಮತ್ಯಾಕೆ ಆಟ ಬುಟ್ರಂತೆ?"

"ಗೆದ್ದು ಗೆದ್ದು ಸಾಕಾಯ್ತಂತೆ."

ಮುಂದಿನ ಜನವರಿಗೆ ಮತ್ತೆ ಬರುತ್ತೇನೆ ಅಂದು ಗೆರ್ಡಾ ಹೋದಳು. ಫೋಟೋ ರಾಗಿ ತುಂಬಿಡುವ ವಾಡೆಯ ಮೇಲಿನ ಗೋಡೆಗೆ ಅಂಟಿತು. ಚಿಕ್ಕನಿಂಗಮ್ಮ ಅವಳಿಗೆ ಹಲಗೆಕಾಲಮ್ಮ ಅಂತ ಹೆಸರಿಟ್ಟಳು. "ಊರೋರು ಕಾಲ್ಗೆ ಕೆರ ಆಕಂಡ್ರೆ ಇವ್ಳು ಬಾಗ್ಲು ಕಿತ್ತು ಕಟ್ಕೊಂಡವ್ಳಲ್ಲ!" ಅಂತ ದಿನಕ್ಕೊಮ್ಮೆ ಆಡಿಕೊಳ್ಳುವಳು. ರಂಜಿನಿ ಮಾತ್ರ ಹದಿನೇಳು, ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ತನಾಲ್ಕು ಅಂತ ಆ ಹೆಂಗಸಿನ ವರ್ಷಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡಿದ್ದಳು.

ಜೂನಿನಲ್ಲಿ ಅವಳು ಗುಂಡ್ಲುಪೇಟೆಯಲ್ಲಿ ಪಿಯುಸಿಗೆ ಸೇರಿದಳು. ಸೆಪ್ಟೆಂಬರಿನ ತಾಲ್ಲೂಕು ಕ್ರೀಡಾಕೂಟದಲ್ಲಿ ಎಂಟುನೂರು ಮೀಟರು, ಸಾವಿರದೈನೂರು ಮೀಟರು ಎರಡರಲ್ಲೂ ಮೊದಲು ಬಂದಳು. ಡ್ರಿಲ್ ಮಾಸ್ತರು ಪುಟ್ಟಬಸಪ್ಪ ಖುದ್ದಾಗಿ ಹಂಗಳಕ್ಕೆ ಬಂದು ಜಗಲಿಯಲ್ಲಿ ಕೂತು ಹೇಳಿದರು: "ನೋಡಿ ರಂಗರಾಜು, ನವೆಂಬರ್ ಕೊನೇಲಿ ಚಾಮರಾಜನಗರದಲ್ಲಿ ಜಿಲ್ಲಾ ಮಟ್ಟದ್ದು. ಅಲ್ಲಿ ಗೆದ್ರೆ ಕ್ರೀಡಾ ಹಾಸ್ಟೆಲಿಗೆ ತಗೋತಾರೆ. ಊಟ, ಓದು, ಓಟ ಎಲ್ಲ ಸರ್ಕಾರದ್ದು. ಈ ಹುಡುಗಿ ಕಾಲು ನೆಲದ ಮೇಲೆ ನಿಲ್ಲೋದಲ್ಲ."

ರಂಜಿನಿಯ ತಾಯಿ ಕುಮಾರಿ ಅವತ್ತು ಕೋಳಿ ಕೊಯ್ಯಿಸಿದಳು. ಮೂವತ್ತೈದಕ್ಕೇ ಕೂಲಿ ಕಳೆ ಕಿತ್ತು ಬೆನ್ನು ಬಾಗಿದವಳು ಅವಳು. "ನನ್ ಮಗ್ಳು ಬಗ್ಗಿ ದುಡಿಯೋದ್ ಬ್ಯಾಡ, ನೆಟ್ಗೆ ನಿಂತು ಓಡ್ಲಿ," ಅಂದಳು.

ದೀಪಾವಳಿ ಕಳೆದ ಎರಡನೇ ಶನಿವಾರ, ಬೆಟ್ಟದ ಮೂರನೇ ತಿರುವಿನಲ್ಲಿ ರಂಜಿನಿ ಬಿದ್ದಳು. ಮಂಜಿನ ಹನಿಗೆ ರಸ್ತೆ ಒದ್ದೆ, ಮೇಲೆ ಸಣ್ಣ ಕಲ್ಲು. ರಂಗರಾಜು ಜೀಪು ನಿಲ್ಲಿಸಿ ಓಡಿದ.

"ಒಳ್ಗೆ ಟಕ್ ಅಂತಪ್ಪ," ಅಂದಳು ರಂಜಿನಿ. ಅವನು ಅವಳನ್ನು ಎತ್ತಿ ಸೀಟಿಗೆ ಕೂರಿಸುವಷ್ಟರಲ್ಲಿ ಮಂಡಿ ಊದಿಕೊಂಡಿತ್ತು. ರಂಗರಾಜು ತಿರುವಿಗೂ ಹಾರನ್ ಹೊಡೆಯದೆ ಜೀಪು ಇಳಿಸಿದ.

ಮನೆಯಲ್ಲಿ ಜಗಳ ಶುರುವಾದದ್ದು ಮುದ್ದೆ ಮುರಿಯುವ ಹೊತ್ತಿಗೆ. ರಂಗರಾಜುವಿನ ತಮ್ಮ ಶಿವಸ್ವಾಮಿ ಚಾಮರಾಜನಗರದ ಒಂದು ಕಚೇರಿಯಲ್ಲಿ ಅಟೆಂಡರು. ದಿನಾ ಎರಡು ಬಸ್ಸು ಹಿಡಿದು ಹೋಗಿ ಬರುವವನು. ಬಂದವನೇ ರಂಜಿನಿಯ ಮಂಡಿ ನೋಡಿ, "ನಾಳೆ ಮೈಸೂರಿಗೆ ಕರ್ಕೊಂಡೋಗನ ಅಣ್ಣ," ಅಂದ.

"ಯಾಕ್ಲಾ ಮೈಸೂರು?" ಚಿಕ್ಕನಿಂಗಮ್ಮ ಸಾರಿನ ಸೌಟು ಎತ್ತಿಕೊಂಡೇ ಬಂದಳು. "ಭೀಮನಬೀಡಿಂದ, ಬೇಗೂರಿಂದ ಜನ ಉಳುಕು ತುಳಿಸ್ಕೊಳಕೆ ನಮ್ ಬಾಗ್ಲಿಗೆ ಬತ್ತರೆ. ನಾವು ನಮ್ ಮಗೀನ ಎತ್ಕೊಂಡು ಮೈಸೂರಿಗೆ ಓಗದಾ? ಕಂಡೋರು ನಗಕ್ಕಿಲ್ವಾ?"

"ನಗ್ಲಿ ಬುಡವ್ವ. ಇದು ಉಳುಕಲ್ಲ."

"ನೀನು ಫೈಲ್ ಒತ್ತೋನು, ನಿಂಗೇನ್ಲಾ ಗೊತ್ತು? ತಲೆ ಮುಂದಾಗಿ ಹುಟ್ದೋನು ಸುಮ್ಕೆ ಮುದ್ದೆ ನುಂಗು."

ಕುಮಾರಿ ಗಂಡನ ಮುಖ ನೋಡಿದಳು. "ನೀವೇನಾರ ಹೇಳಿ."

ರಂಗರಾಜು ತಟ್ಟೆ ನೋಡಿಕೊಂಡು, "ಒಸಿ ಡಾಕ್ಟ್ರಿಗೆ ತೋರ್ಸಿದ್ರೆ..." ಅಂದ.

"ಏನಂದೆ?" ಮುದುಕಿಯ ದನಿ ಒಡೆಯಿತು. "ನಿನ್ನ ಎರೋವಾಗ ಎರಡು ದಿನ ಸತ್ತು ಬದುಕ್ದೋಳು ಕಣ್ಲಾ ನಾನು. ಊರೋರ್ಗೆಲ್ಲಾ ಆಗೋ ಕಾಲು ಎತ್ತ ಮಗ್ಳಿಗೆ ಆಗಕ್ಕಿಲ್ವಾ? ನಿನ್ ಕಾಲು ಸುಳ್ಳಾದ್ರೆ ನಾನೂ ಸುಳ್ಳೇಯಾ ಅಂತ ಹೇಳ್ಬುಡು." ಅಂದು ಸೌಟನ್ನು ನೆಲಕ್ಕೆ ಕುಕ್ಕಿ, ಉಣ್ಣದೆ ಹೋಗಿ ಮಲಗಿದಳು.

ಗೆರ್ಡಾ ಹೇಳಿದ್ದನ್ನು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಆದರೆ ಹೇಳಿದರೆ, ಹತ್ತು ತಿಂಗಳು ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ಅನ್ನುವ ಪ್ರಶ್ನೆ ಬರುತ್ತಿತ್ತು. ರಂಗರಾಜು ಕೈ ತೊಳೆದುಕೊಂಡ.

ಬೆಳಿಗ್ಗೆ ಚಿಕ್ಕನಿಂಗಮ್ಮ ಜಗಲಿಗೆ ಚಾಪೆ ಹಾಸಿ, ಮೊಮ್ಮಗಳನ್ನು ಮಲಗಿಸಿ, ಹರಳೆಣ್ಣೆಯ ಬಟ್ಟಲು ತಂದಿಟ್ಟಳು. ಎದುರು ಮನೆಯ ಸುಂದ್ರಮ್ಮ ನೋಡಲು ಬಂದು ನಿಂತಳು. ರಂಗರಾಜು ಹಿಮ್ಮಡಿಗೆ ಎಣ್ಣೆ ಸವರಿಕೊಂಡ. ಕಾಲೆತ್ತಿ ಇಟ್ಟ. ಮಂಡಿ ಬೆಂದ ಗೆಣಸಿನ ಹಾಗೆ ಮೆತ್ತಗೆ ಬಿಸಿಯಾಗಿತ್ತು.

"ಮೆಲ್ಲಗಪ್ಪ," ಅಂದಳು ರಂಜಿನಿ.

"ಮೆಲ್ಲಗೆ ತುಳಿದ್ರೆ ಬುಡಕ್ಕಿಲ್ಲ ಕಣ್ಲಾ, ಒತ್ತು!" ಅಂದಳು ಚಿಕ್ಕನಿಂಗಮ್ಮ.

ಒಂದು ಸಲ ತುಳಿದ. ರಂಜಿನಿ ಲಂಗದ ಅಂಚನ್ನು ಬಾಯಿಗೆ ತುರುಕಿಕೊಂಡಳು. ಎರಡನೇ ಸಲ. ಮೂರನೇ ಸಲ ಅವಳು ಕಿರುಚಿದ ಕೂಗಿಗೆ ಕೊಟ್ಟಿಗೆಯ ಹಸು ಎದ್ದು ನಿಂತಿತು. "ಬುಡ್ತು ನೋಡು, ಉಳುಕು ಬುಡೋವಾಗ ಅಂಗೆಯಾ," ಅಂದಳು ಸುಂದ್ರಮ್ಮ. ರಂಜಿನಿ ಗೋಡೆ ಹಿಡಿದುಕೊಂಡು, ನೇಮದ ಪ್ರಕಾರ ಅಪ್ಪನನ್ನು ಹಿಂದಿರುಗಿ ನೋಡದೆ, ಕುಂಟುತ್ತ ಒಳಗೆ ಹೋದಳು.

ಶಿವಸ್ವಾಮಿ ನಾಲ್ಕು ದಿನ ಮನೆಯಲ್ಲಿ ಯಾರೊಂದಿಗೂ ಮಾತಾಡಲಿಲ್ಲ. ಐದನೇ ದಿನ ಯಾರನ್ನೂ ಕೇಳದೆ ರಂಜಿನಿಯನ್ನು ಗುಂಡ್ಲುಪೇಟೆಗೆ ಕರೆದುಕೊಂಡು ಹೋಗಿ ಎಕ್ಸರೇ ತೆಗೆಸಿಕೊಂಡು ಬಂದ. ಮೂಳೆಗೆ ಏನೂ ಆಗಿಲ್ಲ, ಕಾಲು ಅಲ್ಲಾಡಿಸಬೇಡಿ, ಹದಿನೈದು ದಿನ ಬಿಟ್ಟು ಮೈಸೂರಿನಲ್ಲಿ ತೋರಿಸಿ ಅಂದಿದ್ದರು. ಚಿಕ್ಕನಿಂಗಮ್ಮನಿಗೆ ಕೇಳಿಸಿದ್ದು ಮೊದಲಿನದು ಮಾತ್ರ. "ಏನೂ ಆಗಿಲ್ವಂತೆ! ಕರೀ ಪಟ ತೆಗುಸ್ದ ಡಾಕ್ಟ್ರೇ ಹೇಳವ್ರೆ!" ಅಂತ ಬೀದಿಯ ಮನೆಮನೆಗೂ ಸುದ್ದಿ ಮುಟ್ಟಿಸಿದಳು.

ಮುದುಕಿ ಕೆಟ್ಟವಳಲ್ಲ. ದಿನಾ ಎಕ್ಕದ ಎಲೆ ಬಾಡಿಸಿ ಕಟ್ಟಿದಳು, ಉಪ್ಪಿನ ಶಾಖ ಕೊಟ್ಟಳು. ತನ್ನ ಪಾಲಿನ ಹಾಲನ್ನು ಮೊಮ್ಮಗಳ ಲೋಟಕ್ಕೆ ಬಗ್ಗಿಸಿದಳು. ಕುಮಾರಿ ರಾಗಿ ಕೊಯ್ಲಿನ ಕೂಲಿಯಿಂದ ಬರುವಾಗ ಸೆರಗಿನಲ್ಲಿ ಎರಡು ಕೋಳಿಮೊಟ್ಟೆ ಕಟ್ಟಿಕೊಂಡು ಬರುವಳು. ರಂಜಿನಿಯ ಪಾಲಿನ ನೀರು, ಕಸ, ಸಗಣಿ ಎಲ್ಲ ಅವಳ ಮೇಲೇ ಬಿತ್ತು. ಹದಿನೈದು ದಿನಕ್ಕೆ ಊತ ಪೂರ್ತಿ ಇಳಿಯಿತು. ಹುಡುಗಿ ಹಿತ್ತಲಿನಲ್ಲಿ ನಡೆದಳು, ಆಮೇಲೆ ಊರಬಾಗಿಲವರೆಗೆ ನಡೆದಳು, ಇಪ್ಪತ್ತನೇ ದಿನ ಮೆಲ್ಲಗೆ ಓಡಿದಳು. ಊರವರು ರಂಗರಾಜುವಿನ ಕಾಲನ್ನು ಹೊಗಳಿದರು. ಮೈಸೂರಿನ ಮಾತು ಅಲ್ಲಿಗೇ ನಿಂತಿತು.

"ಓಡ್ವಾಗ ಒಳ್ಗೆ ಒಂಥರಾ ಜಾರ್ದಂಗಾಯ್ತದೆ ಕಣವ್ವ," ಅಂದಳು ರಂಜಿನಿ ಒಂದು ಸಂಜೆ, ಅವರೆಕಾಯಿ ಸುಲಿಯುತ್ತ.

"ಅಂಗಾದ್ರೆ ಈ ಸಲ ಬುಟ್ಬುಡು ಮಗ," ಅಂದಳು ಕುಮಾರಿ.

"ಗೆರ್ಡಾ ಬಿದ್ದು ಎದ್ದು ಗೆಲ್ಲಲಿಲ್ವಾ? ಇಪ್ಪತ್ತೆರಡಕ್ಕೆ ಬಿದ್ದು, ಇಪ್ಪತ್ತನಾಲ್ಕಕ್ಕೆ ಚಾಂಪಿಯನ್!"

ಬಾಗಿಲಲ್ಲಿ ಬೀಡಿ ಹಚ್ಚುತ್ತಿದ್ದ ರಂಗರಾಜು ತಡೆದು ಹೇಳಿದ, "ಅವಮ್ಮ ಎರಡು ವರ್ಸ ಕಾದಿದ್ರಂತೆ ಕಣವ್ವ."

ರಂಜಿನಿ ತಿರುಗಿದಳು. "ನೀನು ಅದ್ನ ಹೇಳ್ಲೇ ಇಲ್ವಲ್ಲ?"

"ಮರ್ತಿದ್ದೆ."

"ನನ್ಗೆ ಎರಡು ವರ್ಸ ಯಾರಪ್ಪ ಕಾಯ್ತರೆ? ಹಾಸ್ಟೆಲು ಕಾಯ್ತದಾ?"

ಉಳಿದರ್ಧ ಮಾತು ಬೀಡಿಯ ಹೊಗೆಯೊಂದಿಗೆ ಹೋಯಿತು. ಅಯ್ಯೋ, ಅಲ್ಲಿ ಒಂದು ಮಾತು ಜಾಸ್ತಿ ಆಡಿದ್ದರೆ ಅವನ ಗಂಟೇನು ಹೋಗುತ್ತಿತ್ತು!

ನವೆಂಬರಿನ ಕೊನೆಯ ಶನಿವಾರ ಮನೆಯವರೆಲ್ಲ ಚಿತ್ರಾನ್ನ ಕಟ್ಟಿಕೊಂಡು ಚಾಮರಾಜನಗರಕ್ಕೆ ಹೋದರು. ಚಿಕ್ಕನಿಂಗಮ್ಮ ಕೂಡ. ಬಸ್ಸಿನಲ್ಲಿ ಪಕ್ಕದವಳಿಗೆ, "ಓಡೋಳು ನಮ್ ಮೊಮ್ಮಗ್ಳು, ತುಳಿದೋನು ನಮ್ ಮಗ," ಅಂತ ಪರಿಚಯ ಹೇಳಿಕೊಂಡಳು. ಶಿವಸ್ವಾಮಿ ಮೈದಾನದ ಬೇಲಿಯ ಹತ್ತಿರ ಮೊದಲೇ ಬಂದು ನಿಂತಿದ್ದ.

ಎಂಟುನೂರು ಮೀಟರು ಅಂದರೆ ಮೈದಾನದ ಎರಡು ಸುತ್ತು. ಮೊದಲ ಸುತ್ತಿನಲ್ಲಿ ರಂಜಿನಿ ಮೂರನೆಯವಳು. ಎರಡನೇ ಸುತ್ತಿನ ಗಂಟೆ ಹೊಡೆದಾಗ ಒಬ್ಬಳನ್ನು ಹಿಂದೆ ಹಾಕಿದಳು. "ಬುಡಬ್ಯಾಡ ಕಣಮ್ಮಿ!" ಅಂತ ಚಿಕ್ಕನಿಂಗಮ್ಮ ಎದ್ದು ನಿಂತು ಕೂಗಿದಳು. ಕೊನೆಯ ತಿರುವಿನಲ್ಲಿ ರಂಜಿನಿ ಮುಂದಿದ್ದವಳ ಪಕ್ಕಕ್ಕೆ ಬಂದಳು. ಅಲ್ಲಿ ಅವಳ ಬಲಗಾಲು ನೆಲಕ್ಕೆ ತಾಗಿತು, ಮೇಲಿನ ಮೈ ಮುಂದಕ್ಕೆ ಹೋಯಿತು, ಮಂಡಿ ಮಾತ್ರ ಪಕ್ಕಕ್ಕೆ ಹೋಯಿತು. ಅವಳು ಧೂಳಿನಲ್ಲಿ ಬಿದ್ದು, ಎದ್ದು ಎರಡು ಹೆಜ್ಜೆ ಕುಪ್ಪಳಿಸಿ, ಮತ್ತೆ ಬಿದ್ದಳು. ಹಿಂದಿನವರೆಲ್ಲ ಅವಳನ್ನು ಬಳಸಿಕೊಂಡು ಓಡಿದರು.

ಶಿವಸ್ವಾಮಿ ಬೇಲಿ ಹಾರಿ ಹೋಗಿ ಎತ್ತಿಕೊಂಡ. ರಂಗರಾಜು ಇದ್ದಲ್ಲೇ ಇದ್ದ.

ಮೈಸೂರಿನ ಡಾಕ್ಟರು ಮಂಡಿಯನ್ನು ಹಿಂದೆ ಮುಂದೆ ಎಳೆದು ನೋಡಿ, "ಒಳಗಿನ ನಾರು ಹರಿದು ತಿಂಗಳಾಗಿದೆ," ಅಂದರು. "ಇವತ್ತು ಒಳಗಿನ ಮೆತ್ತೆಯೂ ಹೋಯ್ತು. ಆವಾಗ್ಲೇ ತರಬೇಕಿತ್ತು. ಯಾರಾದ್ರೂ ತಿಕ್ಕಿದ್ರಾ, ಎಳೆದ್ರಾ?"

ರಂಗರಾಜು ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡ. ಡಾಕ್ಟರಿಗೆ ಇಂಥವರು ಹೊಸಬರಲ್ಲವೇನೋ, ಬರೆಯಲು ಕೂತರು. ಬೆಂಗಳೂರಿನಲ್ಲಿ ಕೊಯ್ಯಿಸಬಹುದು, ಕೊಯ್ಯಿಸಿದರೆ ನಡಿಗೆ ಸರಿಯಾಗಬಹುದು. ಓಟದ ಆಸೆ ಬಿಡಬೇಕು.

ಆ ಡಿಸೆಂಬರಿನಲ್ಲಿ ಆ ಮನೆಯಲ್ಲಿ ಒಂದು ಹೊತ್ತೂ ಎಲ್ಲರೂ ಒಟ್ಟಿಗೆ ಕೂತು ಉಣ್ಣಲಿಲ್ಲ. "ನಾನು ಬಡ್ಕೊಂಡೆ, ಬಡ್ಕೊಂಡೆ! ಫೈಲ್ ಒತ್ತೋನು ಅಂದ್ರಿ!" ಅಂತ ಶಿವಸ್ವಾಮಿ ಕೂಗಾಡಿದ. ಕುಮಾರಿ ಹದಿನೆಂಟು ವರ್ಷದಲ್ಲಿ ಮೊದಲ ಸಲ ಅತ್ತೆಗೆ ಎದುರು ನಿಂತಳು. "ನಿಮ್ ಹೆರಿಗೆ ಕತೆ ಕೇಳೀ ಕೇಳೀ ನನ್ ಮಗ್ಳ ಕಾಲು ಕಳ್ಕೊಂಡೆ ಅತ್ತೆ. ಸಾಕು ಮಾಡಿ."

"ನಾನೇನ್ ಕಂಡಿದ್ನೇ ತಾಯಿ?" ಮುದುಕಿ ನೆಲದ ಮೇಲೆ ಕುಸಿದಳು. "ಗೊತ್ತಿದ್ರೆ ಮಾಡಿಸ್ತಿದ್ನಾ? ಗೊತ್ತಿದ್ದೂ ಮಾಡಿದ್ರೆ ನನ್ ಬಾಯ್ಗೆ ಮಣ್ಣಾಕು."

ರಂಗರಾಜು ಎದ್ದು ಹೊರಗೆ ಹೋದ. ಮಾರನೇ ದಿನ ಸೊಂಟ ಹಿಡಿದು ಬಂದ ನಂಜಯ್ಯನಿಗೆ, "ಇಲ್ಲಿ ತುಳಿಯದಿಲ್ಲ, ಓಗು," ಅಂದ. ನಂಜಯ್ಯ ಕಾರಣ ಕೇಳಿದ. ಬಾಗಿಲು ಹಾಕಿಕೊಂಡಿತು.

ರಂಜಿನಿ ಅಳಲಿಲ್ಲ, ಬೈಯಲಿಲ್ಲ. ಕೂತಲ್ಲೇ ಅವರೆ ಸುಲಿದಳು, ಅಕ್ಕಿ ಆರಿಸಿದಳು. ಗೋಡೆಯ ಫೋಟೋವನ್ನೂ ಕೀಳಲಿಲ್ಲ. "ಜನವರಿಗೆ ಗೆರ್ಡಾ ಬತ್ತರೆ," ಅಂದಳು ಒಮ್ಮೆ. "ಅವ್ರಿಗೆ ಗೊತ್ತಿರ್ತದೆ. ಬಿದ್ಮೇಲೆ ಎಂಗೆ ಏಳಬೇಕು ಅಂತ ಕೇಳ್ತೀನಿ."

ಗೆರ್ಡಾ ಮಾತಿಗೆ ತಪ್ಪದೆ ಬಂದಳು. ಕೈಯಲ್ಲಿ ಒಂದು ಪೆಟ್ಟಿಗೆ. ಶನಿವಾರ ಬೆಟ್ಟಕ್ಕೆ ಹೋಗಲೇಬೇಕು, ಹುಡುಗಿಯೂ ಬರಬೇಕು ಅಂದಳು. ಬೆಟ್ಟದ ಮೇಲೆ ಮಂಜು ಕವಿದಿತ್ತು. ಪೂಜೆ ಮುಗಿಸಿ ಗುಡಿಯ ಮೆಟ್ಟಿಲಿಳಿಯುವಾಗ ಗೆರ್ಡಾ ಅಡ್ಡ ತಿರುಗಿ ಒಂದೊಂದೇ ಕಾಲಿಟ್ಟಳು. ಪಕ್ಕದಲ್ಲಿ ರಂಜಿನಿಯೂ ಅಡ್ಡ ತಿರುಗಿ ಒಂದೊಂದೇ ಕಾಲಿಟ್ಟಳು. ನಾಲ್ಕನೇ ಮೆಟ್ಟಿಲಿನಲ್ಲಿ ಗೆರ್ಡಾ ನಿಂತುಬಿಟ್ಟಳು.

ಹುಡುಗಿಯನ್ನು ಅಲ್ಲೇ ಕೂರಿಸಿ ಲಂಗ ಸರಿಸಿ ಮಂಡಿ ಹಿಡಿದು ನೋಡಿದಳು. ಮೈಸೂರಿನ ಡಾಕ್ಟರು ಎಳೆದ ಹಾಗೆಯೇ ಎಳೆದಳು. ಅವಳ ಕಣ್ಣು ತುಂಬಿತು. ತಂದಿದ್ದ ಪೆಟ್ಟಿಗೆಯಲ್ಲಿ ಇದ್ದದ್ದು ಓಟದ ಬೂಟು, ನೀಲಿ ಬಣ್ಣದ್ದು. ಅದನ್ನು ಎಲ್ಲಿಡಬೇಕೋ ತಿಳಿಯದೆ ಮೆಟ್ಟಿಲ ಮೇಲೆ ಇಟ್ಟಳು. ಆಮೇಲೆ ರಂಗರಾಜುವಿನ ಕಡೆ ತಿರುಗಿ, ಕೂಗದೆ, ಕೇಳಿದಳು: "ನಾನು ನಿನಗೆ ಹೇಳಿದ್ದೆನಲ್ಲ. ಇವಳಿಗೆ ನೀನು ಹೇಳಲಿಲ್ಲವಾ?"

ಪಿಯುಸಿ ಓದುವ ಹುಡುಗಿಗೆ ಅಷ್ಟು ಇಂಗ್ಲಿಷು ಅರ್ಥವಾಗುತ್ತದೆ.

"ಅಪ್ಪ," ಅಂದಳು ರಂಜಿನಿ. "ಓದ ವರ್ಸ ಇವ್ರು ಏನ್ ಹೇಳಿದ್ರು? ಈ ಸಲ ಪೂರ್ತಿ ಹೇಳು."

ರಂಗರಾಜು ಹೇಳಿದ. ಟಕ್ ಅನ್ನುವ ಸದ್ದು, ತಿಕ್ಕಿಸಬಾರದೆಂದದ್ದು, ಊತ ನಂಬಬಾರದೆಂದದ್ದು, ಎರಡನೇ ಸಲ ನಂಬಿ ಆಟ ಕಳೆದುಕೊಂಡದ್ದು. ಅದೇ ಬೆಟ್ಟ, ಅದೇ ಶನಿವಾರ. ಯಾವ ದೇವತೆ ಬೇಕಾದರೂ ಅಸ್ತು ಅನ್ನಲಿ, ಇನ್ನು ಉಳಿದದ್ದೇನಿತ್ತು? ಒಂದನ್ನೂ ಬಿಡದೆ ಹೇಳಿದ. ರಂಜಿನಿ ಬೂಟಿನ ಪೆಟ್ಟಿಗೆಯ ಮುಚ್ಚಳ ಮುಚ್ಚಿದಳು.

"ಅವತ್ತು ಜಗಲೀಲಿ ನನ್ ಕಾಲು ತುಳಿವಾಗ, ಇದು ನಿಂಗೆ ಗ್ಯಾನ ಇತ್ತಾ?"

ಇಲ್ಲ ಅನ್ನಬಹುದಿತ್ತು. ಮರೆತಿದ್ದೆ ಅಂತ ಮತ್ತೊಮ್ಮೆ ಅನ್ನಬಹುದಿತ್ತು.

"ಇತ್ತು ಕಣವ್ವ," ಅಂದ ರಂಗರಾಜು.

"ಏನು ಕೇಳುತ್ತಿದ್ದಾಳೆ?" ಅಂದಳು ಗೆರ್ಡಾ. ರಂಗರಾಜು ಬಾಯಿ ತೆರೆದ. ಆನೆ, ಹುಲಿ, ಕಾಟಿ, ಊಟದ ಹೊತ್ತು, ಬಸ್ಸಿನ ಹೊತ್ತು. ಅವನ ಇಂಗ್ಲಿಷಿನಲ್ಲಿ ಬೇರೆ ಏನೂ ಇರಲಿಲ್ಲ.

ರಂಜಿನಿ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಎದ್ದಳು. ಜೀಪಿನ ಹತ್ತಿರ ಹೋಗದೆ, ಅದನ್ನು ದಾಟಿ, ಇಳಿಜಾರಿನ ರಸ್ತೆ ಹಿಡಿದಳು. ರಂಗರಾಜು ಗೆರ್ಡಾಳನ್ನು ಕೂರಿಸಿಕೊಂಡು ಫಸ್ಟ್ ಗೇರಿನಲ್ಲಿ ಹಿಂದೆ ಬಂದ. ಜೀಪು ಹತ್ತು ಅನ್ನುವ ಧೈರ್ಯ ಅವನಿಗಿರಲಿಲ್ಲ. ಅವಳು ಬಲಗಾಲನ್ನು ಎಳೆದು ಎಳೆದು ಇಡುತ್ತ ಒಂದು ತಿರುವು ದಾಟಿದಳು, ಎರಡನೆಯದು ದಾಟಿದಳು. ಮೂರನೇ ತಿರುವಿನಲ್ಲಿ ಮಂಜು ದಟ್ಟವಾಗಿತ್ತು. ಆನೆ ಇರುವ ಜಾಗ. ರಂಗರಾಜು ಹಾರನ್ ಹೊಡೆದ.

ಅವಳು ಹಿಂದಿರುಗಿ ನೋಡಲಿಲ್ಲ.